ರಿವೈಂಡಿಂಗ್‌ಗೆ ಕೊಡುವ ಮುಂಚೆ: 12 ವೋಲ್ಟ್ ಬ್ಯಾಟರಿಯಲ್ಲಿ ಮೋಟರಿನ ಓಮ್ ಅಳೆದದ್ದು

ಬಾವಿಯೊಳಗೆ ಇಳಿಬಿಟ್ಟ 10 ಎಚ್‌ಪಿ ಪಂಪ್ ಮೋಟರು. ಮಲ್ಟಿಮೀಟರಿನಲ್ಲಿ ಮೂರೂ ಫೇಸಿಗೆ ಬೀಪ್ ಬರುತ್ತೆ, ಅಂದರೆ ತಂತಿ ತುಂಡಾಗಿಲ್ಲ. ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರು) ಸರಿಯಿದೆ, ಆದರೂ ಸ್ಟಾರ್ಟರಿನ ಓವರ್‌ಲೋಡ್ ಅರ್ಧ ಗಂಟೆಗೊಮ್ಮೆ ಟ್ರಿಪ್. ಕ್ಲ್ಯಾಂಪ್ ಮೀಟರಿನಲ್ಲಿ ಎರಡು ಫೇಸು 17 ಆಂಪ್ಸ್, ಮೂರನೆಯದು 14ರ ಹತ್ತಿರ. ವೈರು ಅದಲುಬದಲು ಮಾಡಿದರೂ ಕಡಿಮೆ ಕರೆಂಟು ಅದೇ ಕೇಬಲ್ ತಂತಿಯಲ್ಲೇ. ಇದಕ್ಕೆ ಎಲ್ಲರೂ ಹೇಳುವುದು ಒಂದೇ: ‘ಕಾಯಿಲ್ ಹೋಗಿದೆ, ರಿವೈಂಡಿಂಗ್ ಮಾಡ್ಸಿ.’ 10 ಎಚ್‌ಪಿ ಮೋಟರಿಗೆ ಕಾಯಿಲ್ ಹೊಸದಾಗಿ ಸುತ್ತಿಸಲು ಹತ್ತು ಸಾವಿರದ ಆಸುಪಾಸು ಅಲ್ಲೇ ಹೋಗುತ್ತೆ. ಎತ್ತಿ ಬಿಡುವ ಐದಾರು ಸಾವಿರ ಬೇರೆ.

ನಿಜವಾಗಿ ಕಾಯಿಲ್ ಹೋಗಿದೆಯೇ ಎಂದು ತಿಳಿಯಲು ಅದರ ಓಮ್ (ಕರೆಂಟಿಗೆ ಒಡ್ಡುವ ತಡೆ) ಅಳೆಯಬೇಕು. ಮಲ್ಟಿಮೀಟರಿನ ಓಮ್ ರೇಂಜು ಇಲ್ಲಿ ಕೆಲಸಕ್ಕೆ ಬಾರದು. ಅದರ ಪ್ರೋಬ್ ವೈರೇ 0.3 ಓಮ್ ತಿನ್ನುತ್ತೆ, ಒತ್ತಿ ಹಿಡಿದರೆ ಒಂದು, ಸಡಿಲ ಹಿಡಿದರೆ ಇನ್ನೊಂದು. ನಾವು ಹುಡುಕುತ್ತಿರುವ ದೋಷವೂ ಅಷ್ಟೇ ಗಾತ್ರದ್ದು. ಹಾಗಾಗಿ ಕರೆಂಟು ಹರಿಸಿ, ವೋಲ್ಟ್ ಅಳೆದು, ವೋಲ್ಟನ್ನು ಆಂಪ್ಸ್‌ನಿಂದ ಭಾಗಿಸುವುದೇ ದಾರಿ.

ಮೊದಲ ಸಲ ಬ್ಯಾಟರಿಯನ್ನು ನೇರವಾಗಿ ಮೋಟರಿಗೆ ಕೊಟ್ಟದ್ದು ತಪ್ಪು. ಬಾವಿಯಿಂದ ಎತ್ತಿ ಮೇಲಿಟ್ಟಿದ್ದ ಬೇರೊಂದು 15 ಎಚ್‌ಪಿ ಮೋಟರು 0.8 ಓಮ್, 15 ಆಂಪ್ಸ್ ಎಳೆದು ಮೀಟರಿನ 10 ಆಂಪ್ಸ್ ಸಾಕೆಟ್ಟೇ ಸುಟ್ಟಿತು. ಸುಮಾರು ಎಂಟು ನೂರು ರೂಪಾಯಿ ನಷ್ಟ. ಈಗ ಸೀರೀಸ್‌ನಲ್ಲಿ ಕಾರಿನ 60 ವ್ಯಾಟ್ ಹೆಡ್‌ಲೈಟ್ ಬಲ್ಬು ಹಾಕುತ್ತೇನೆ. ಏನೇ ಶಾರ್ಟ್ ಆದರೂ 5 ಆಂಪ್ಸ್ ಆಸುಪಾಸಿಗೆ ನಿಲ್ಲುತ್ತೆ.

ಎರಡನೇ ತಪ್ಪು, ಒಂದೇ ಮೀಟರಿನಲ್ಲಿ ಮೊದಲು ಆಂಪ್ಸ್, ಆಮೇಲೆ ವೋಲ್ಟ್ ನೋಡಿದ್ದು. ಮೀಟರು ತೆಗೆದ ಕೂಡಲೇ ಕರೆಂಟು ಬದಲಾಗುತ್ತೆ, ಬ್ಯಾಟರಿಯೂ ಇಳಿಯುತ್ತಿರುತ್ತೆ. ಎರಡು ಮೀಟರು ಬೇಕೇ ಬೇಕು, ಎರಡನ್ನೂ ಒಟ್ಟಿಗೇ ಓದಬೇಕು.

ಫ್ಯೂಸ್ ಕ್ಯಾರಿಯರ್ ಕಿತ್ತು ಕಿಸೆಗೆ ಹಾಕಿಕೊಳ್ಳಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಮೋಟರಿನ ಮೂರೂ ತಂತಿ ಸ್ಟಾರ್ಟರಿನಿಂದ ಬಿಚ್ಚಿ ತುದಿ ಉಜ್ಜಿ. ಕರೆಂಟಿನ ಕ್ಲಿಪ್ಪು ತಂತಿಯ ತುದಿಗೆ, ವೋಲ್ಟ್ ಪ್ರೋಬ್ ಅದಕ್ಕಿಂತ ಒಳಗೆ ಬರಿ ತಾಮ್ರಕ್ಕೆ. ಪ್ರೋಬನ್ನು ಕ್ಲಿಪ್ಪಿಗೇ ಮುಟ್ಟಿಸಿದರೆ ಕ್ಲಿಪ್ಪಿನ ಹಿಡಿತದ ಓಮ್ ಕೂಡ ಲೆಕ್ಕಕ್ಕೆ ಬಂದು ಇಡೀ ಶ್ರಮ ನೀರುಪಾಲು. ಅಂಕಿ ಸ್ಥಿರವಾಗಲು ಎರಡು ಮೂರು ಸೆಕೆಂಡು ಬಿಡಿ. ಬಿಚ್ಚುವಾಗ ಮೊದಲು ವೋಲ್ಟ್ ಪ್ರೋಬ್ ತೆಗೆಯಿರಿ, ಆಮೇಲೆ ಕ್ಲಿಪ್ಪು. ಕರೆಂಟು ಕಡಿದ ಕೂಡಲೇ ಕಾಯಿಲ್ ಜೋರು ವೋಲ್ಟಿನಲ್ಲಿ ಹಿಂದಕ್ಕೆ ಒದೆಯುತ್ತೆ, ಕೈಗೂ ಮೀಟರಿಗೂ ಒಳ್ಳೆಯದಲ್ಲ.

ಆ ಬಾವಿಯ ಕೇಬಲ್ 4 ಚದರ ಮಿಮೀ ತಾಮ್ರ, 250 ಮೀಟರ್. ಒಂದು ಎಳೆಗೆ ಸುಮಾರು 1.24 ಓಮ್, ಹೋಗಿ ಬರಲು 2.5. ಮೋಟರಿನದು ಎರಡು ತಂತಿ ನಡುವೆ 1.4. ಒಟ್ಟು 3.9 ಬರಬೇಕು. ಮೂರು ಫೇಸಿನ ತಂತಿಗಳನ್ನು R, Y, B ಎಂದರೆ, ಎರಡೆರಡರ ನಡುವೆ ಬಂದದ್ದು:

R-Y: 9.36 ವೋಲ್ಟ್, 2.40 ಆಂಪ್ಸ್, 3.90 ಓಮ್
Y-B: 9.74 ವೋಲ್ಟ್, 2.32 ಆಂಪ್ಸ್, 4.20 ಓಮ್
B-R: 9.73 ವೋಲ್ಟ್, 2.31 ಆಂಪ್ಸ್, 4.21 ಓಮ್

ಎರಡು ಹೆಚ್ಚು, ಒಂದು ಸರಿ. ಹೆಚ್ಚಿರುವ ಎರಡರಲ್ಲೂ ಇರುವುದು B. ಅಲ್ಲಿ 0.3 ಓಮ್ ಜಾಸ್ತಿ. ಕಾಯಿಲ್ ಒಳಗೇ ಸುತ್ತುಗಳು ಶಾರ್ಟ್ ಆಗಿದ್ದರೆ ಓಮ್ ಇಳಿಯಬೇಕಿತ್ತು, ಏರಬಾರದಿತ್ತು. ಹಾಗಾಗಿ ದೋಷ B ತಂತಿಯ ಜಾಯಿಂಟಿನಲ್ಲಿ, ರಿವೈಂಡಿಂಗ್ ಬೇಡವೆಂದು ಅಲ್ಲೇ ಹೇಳಿದೆ, ಯಾರೂ ಒಪ್ಪಲಿಲ್ಲ. ಆದರೆ ಲೆಕ್ಕ ನೋಡಿ: 16 ಆಂಪ್ಸ್ ಹರಿದಾಗ 16 × 16 × 0.3, ಅಂದರೆ ಸುಮಾರು 77 ವ್ಯಾಟ್. ಮೂರು ಬೆಸುಗೆ ಕಡ್ಡಿಯ ಬಿಸಿ, ಟೇಪು ಸುತ್ತಿದ ಒಂದೇ ಗಂಟಿನಲ್ಲಿ.

ಎತ್ತಿದಾಗ ಮೋಟರಿನ ಮೇಲಿನ ಜಾಯಿಂಟಿನಲ್ಲಿ B ಎಳೆಯ ಟೇಪು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಒಳಗೆ ಬೆಸುಗೆಯಿಲ್ಲದೆ ಬರಿ ಹೊಸೆದ ತಂತಿ, ಹೊರಗಿನ ಎಳೆಗಳು ಹಸಿರು, ಒಳಗಿನವು ಕಪ್ಪು. ಅದನ್ನು ಕತ್ತರಿಸಿ ಮೋಟರನ್ನಷ್ಟೇ ಅಳೆದರೆ ಮೂರೂ ಕಡೆ 1.40, ಎರಡನೇ ದಶಾಂಶದಲ್ಲಷ್ಟೇ ವ್ಯತ್ಯಾಸ. ಫೆರೂಲ್ (ತಂತಿ ಕೂಡಿಸುವ ಪುಟ್ಟ ಲೋಹದ ಕೊಳವೆ) ಒತ್ತಿ, ಬೆಸುಗೆ ಹಾಕಿ, ಹೊಸ ಟೇಪು ಸುತ್ತಿ ಬಿಟ್ಟೆವು. ಸಾಮಾನಿಗೆ ಇನ್ನೂರೈವತ್ತು ಆಗಿರಬಹುದು. ಜಾಯಿಂಟ್ ಮೋಟರಿನ ಹತ್ತಿರವೋ ಕೇಬಲ್ ನಡುವೆಯೋ ಎಂದು ಎತ್ತುವ ಮೊದಲೇ ತಿಳಿಯಲು ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಬಿಸಿ ಮೋಟರನ್ನು ಅಳೆಯಬೇಡಿ. ತಾಮ್ರ 10 ಡಿಗ್ರಿಗೆ ಸುಮಾರು 4 ಶೇಕಡಾ ಏರುತ್ತೆ. ಮೂರು ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ತೊಂದರೆಯಿಲ್ಲ, ಹಳೆಯ ಅಂಕಿಗೆ ಹೋಲಿಸಿದರೆ ಮೋಸ.

ಇದೇ ಗುಂಗಿನಲ್ಲಿ ಕೇಬಲಿನ ವ್ಯಾಟೂ ಲೆಕ್ಕ ಹಾಕಿದೆ. ಮೂರು ಎಳೆ, 16 ಆಂಪ್ಸ್, 1.24 ಓಮ್: 950 ವ್ಯಾಟ್. ಮೋಟರು ಎಳೆಯುವುದು ಎಷ್ಟು? ಬಹಳ ಜನ 415 × 16 ಎಂದು 6,600 ಹೇಳುತ್ತಾರೆ. ಮೂರು ಫೇಸಿಗೆ 1.732ರಿಂದ, ಪವರ್ ಫ್ಯಾಕ್ಟರ್ 0.8ರಿಂದಲೂ ಗುಣಿಸಬೇಕು, 9,200 ಬರುತ್ತೆ. ಅದರಲ್ಲಿ ಹತ್ತನೇ ಒಂದು ಪಾಲು ಕೇಬಲನ್ನೇ ಬಿಸಿ ಮಾಡುತ್ತೆ. 10 ಎಚ್‌ಪಿವರೆಗಿನ ಕೃಷಿ ಪಂಪಿಗೆ ಬಿಲ್ ಇಲ್ಲದ್ದರಿಂದ ರೈತರಿಗೆ ಇದು ಕಾಣುವುದಿಲ್ಲ. ಆದರೆ ಮೋಟರಿಗೆ ತಲುಪುವಷ್ಟರಲ್ಲಿ 27 ವೋಲ್ಟ್ ಕಡಿಮೆ. ಸಂಜೆ ಲೈನೇ 360ಕ್ಕೆ ಇಳಿದಾಗ ಮೋಟರಿಗೆ ಸಿಗುವುದು 330. 6 ಚದರ ಮಿಮೀ ಹಾಕಿದ್ದರೆ ನಷ್ಟ 630 ವ್ಯಾಟಿಗೆ, ಡ್ರಾಪ್ 18 ವೋಲ್ಟಿಗೆ ನಿಲ್ಲುತ್ತಿತ್ತು.

ಮೋಟರು ಬಿಟ್ಟ ಮೇಲೆ ಕ್ಲ್ಯಾಂಪ್ ಹಾಕಿದರೆ 16, 16, 15.8.