ಸಬ್‌ಸೋನಿಕ್ ಗುಂಡು ಯಾಕೆ ಆಗಾಗ ಚಟೀರ್ ಅನ್ನುತ್ತದೆ? ಅಳೆದು ನೋಡುವ ಬಗೆ

ಪೆಟ್ಟಿಗೆಯ ಮೇಲೆ ಸಬ್‌ಸೋನಿಕ್, ಅಂದರೆ ಶಬ್ದಕ್ಕಿಂತ ನಿಧಾನ ಅಂತ ಇದೆ, ರೈಫಲ್ಲಿಗೆ ಸದ್ದು ತಗ್ಗಿಸುವ ಸಪ್ರೆಸರ್ ಹಾಕಿದ್ದೀರಿ, ಆದರೂ ಹತ್ತರಲ್ಲಿ ಎಂಟು ಗುಂಡು ಮೆತ್ತಗೆ ಹೋಗಿ ಎರಡು ಮಾತ್ರ ಚಾಟಿ ಬೀಸಿದ ಹಾಗೆ ಚಟೀರ್ ಅನ್ನುತ್ತವೆ. ಸಪ್ರೆಸರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ನಳಿಗೆಯ ಬಾಯಿಂದ ನುಗ್ಗುವ ಗ್ಯಾಸನ್ನು ತಡೆದು ತಣಿಸುತ್ತದೆ, ಅಷ್ಟೇ. ಗುಂಡು ಶಬ್ದದ ವೇಗ ದಾಟಿದಾಗ ಏಳುವ ಸದ್ದು ಹುಟ್ಟುವುದೇ ಆಚೆ ಗಾಳಿಯಲ್ಲಿ. ಹಾಗಾಗಿ ಸರಾಸರಿ ವೇಗ ನೋಡಿ ಸಮಾಧಾನ ಪಡಬೇಡಿ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ವೇಗವಾಗಿ ಹೋಗುವ ಗುಂಡು ಯಾವುದೋ, ಅದರ ಲೆಕ್ಕ ಬೇಕು.

ನಾನು ಬರೆಯುತ್ತಿರುವುದು ಅಮೆರಿಕದ ಟೆಕ್ಸಸ್‌ನಿಂದ. ಇಲ್ಲಿ 1934ರ ಕಾನೂನಿನ ಪ್ರಕಾರ ನೋಂದಾಯಿಸಿದ ಸಪ್ರೆಸರ್ ಇಟ್ಟುಕೊಳ್ಳಬಹುದು, ಆದರೆ ಕೆಲವು ರಾಜ್ಯಗಳಲ್ಲಿ ಅದಕ್ಕೂ ಅವಕಾಶವಿಲ್ಲ. ನಮ್ಮೂರ ಕಡೆ ಭಾರತದಲ್ಲಿ 50 ಮೀಟರ್ ಪ್ರೋನ್ (ಮಲಗಿ ಗುರಿ ಇಡುವ ಸ್ಪರ್ಧೆ) ಹೊಡೆಯುವವರಿಗೆ ಸಪ್ರೆಸರ್ ಮಾತು ಬೇಡ, ವೇಗದ ಮಾತು ಪೂರ್ತಿ ಬೇಕಾಗುತ್ತದೆ.

ಮೊದಲು ಹವೆ ನೋಡಿ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 1125 ಅಡಿ. 0 ಡಿಗ್ರಿಗೆ ಇಳಿದರೆ 1087, ಇಲ್ಲಿನ ಬೇಸಿಗೆಯ 35 ಡಿಗ್ರಿಯಲ್ಲಿ 1155 ಹತ್ತಿರ. ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ಅನ್ನುವ .22 (ಸಣ್ಣ ಅಳತೆಯ) ಗುಂಡಿನ ಪೆಟ್ಟಿಗೆ ಮೇಲಿನ ವೇಗ 1070 ಅಡಿ. ಬೇಸಿಗೆಯಲ್ಲಿ ಅದು ಆರಾಮಾಗಿ ಮೆತ್ತಗೆ ಹೋಗುತ್ತದೆ, ಚಳಿಗಾಲದ ಬೆಳಗ್ಗೆ ಗಡಿಗೆ ತಾಗಿಕೊಂಡೇ ಇರುತ್ತದೆ. ಚಳಿಯಲ್ಲಿ ಕಾಡತೂಸಿನೊಳಗಿನ ಮದ್ದೂ ಸ್ವಲ್ಪ ನಿಧಾನವಾಗುತ್ತದೆ ನಿಜ, ಆದರೆ ಅದನ್ನೇ ನಂಬಿ ಕೂರಬೇಡಿ. ಗಡಿಗಿಂತ ಸ್ವಲ್ಪ ಕೆಳಗಿದ್ದಾಗಲೂ ಗುಂಡಿನ ಭುಜದ ಮೇಲೆ ಹರಿಯುವ ಗಾಳಿ ಶಬ್ದದ ವೇಗ ಮುಟ್ಟಬಹುದು. ಅದಕ್ಕೇ ನಾನು ಶಬ್ದದ ವೇಗಕ್ಕಿಂತ ಸೆಕೆಂಡಿಗೆ 40 ಅಡಿಯಷ್ಟು ಕಡಿಮೆ ಇರುವಂತೆ ಅಂತರ ಬಿಟ್ಟುಕೊಂಡು ಲೆಕ್ಕ ಹಾಕುತ್ತೇನೆ.

ಅಳೆಯಲು ರೈಫಲ್ ಪಕ್ಕದಲ್ಲಿಡುವ ರೇಡಾರ್ ಕ್ರೊನೊಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಒಳ್ಳೆಯದು, ಯಾಕಂದ್ರೆ ಸಪ್ರೆಸರಿಗೆ ಏನೂ ಕಟ್ಟಬೇಕಾಗಿಲ್ಲ. ಸಪ್ರೆಸರ್ ಹಾಕಿಯೇ ಅಳೆಯಿರಿ, ಅದರಿಂದ ವೇಗ ಕೆಲವು ಅಡಿ ಬದಲಾಗುತ್ತದೆ. ಗುಂಡಿನ ಬ್ರ್ಯಾಂಡ್ ಬದಲಿಸಿದಾಗ ಮೊದಲ 15-20 ಗುಂಡುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಗುಂಡಿಗೆ ಸವರಿದ ಮೇಣ ನಳಿಗೆಯೊಳಗೆ ಅಂಟಿರುತ್ತದೆ, ಹಳೆಯದು ಹೋಗಿ ಹೊಸದು ಕೂರಬೇಕು. ಆಮೇಲೆ ಒಂದೇ ಲಾಟ್ (ಒಟ್ಟಿಗೆ ತಯಾರಾದ ಕಂತು) ನಂಬರಿನ 30 ಗುಂಡು ಹೊಡೆಯಿರಿ, ನಡುವೆ ನಳಿಗೆ ಒರೆಸಬೇಡಿ. ಹತ್ತು ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ಹತ್ತು ಗುಂಡಿನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ) 10 ಬಂದರೆ ನಿಜವಾದದ್ದು 7 ಇರಬಹುದು, 18 ಕೂಡ ಇರಬಹುದು. ಮೂವತ್ತು ಹೊಡೆದರೆ ಅದು 8ರಿಂದ 13ರ ಒಳಗೆ ಬರುತ್ತದೆ. ನಾನೂ ಮೊದಮೊದಲು ಹತ್ತೇ ಹೊಡೆದು ಒಂದು ಲಾಟ್ ಮೆಚ್ಚಿಕೊಂಡು ಪೂರ್ತಿ ಕೇಸ್ ತಂದಿದ್ದೆ, ಮುಂದಿನ ವಾರ ಅದೇ ಗುಂಡು 100 ಗಜದಲ್ಲಿ ಮೇಲೆ ಕೆಳಗೆ ಚೆಲ್ಲಾಡಿತು. 30 ಅಡಿ ವೇಗದ ವ್ಯತ್ಯಾಸ 100 ಗಜದಲ್ಲಿ ಸುಮಾರು 2 ಸೆಂಟಿಮೀಟರ್ ಏರಿಳಿತ ತರುತ್ತದೆ.

ಪ್ರತಿ ಗುಂಡಿನ ವೇಗದ ಪಕ್ಕದಲ್ಲೇ ಸದ್ದನ್ನೂ ಬರೆಯಿರಿ: ಮೆತ್ತಗೆ ಅಥವಾ ಚಟೀರ್. ಫೋನಿನ ಡೆಸಿಬೆಲ್ ಆ್ಯಪ್ ಇದಕ್ಕೆ ಉಪಯೋಗವಿಲ್ಲ. ಗುಂಡಿನ ಸದ್ದಿನ ಶಿಖರ ಎಷ್ಟು ಕ್ಷಣಿಕ ಅಂದರೆ ಫೋನಿನ ಮೈಕ್ ಅದನ್ನು ಹಿಡಿಯುವುದೇ ಇಲ್ಲ. ಸರಿಯಾದ ಅಳತೆಗೆ ನಳಿಗೆಯ ಬಾಯಿಂದ 1 ಮೀಟರ್ ಎಡಕ್ಕೆ, ನೆಲದಿಂದ 1.6 ಮೀಟರ್ ಎತ್ತರದಲ್ಲಿ ದುಬಾರಿ ಮೈಕ್ ಇಡುತ್ತಾರೆ. ನಮಗೆ ಗೆಳೆಯನ ಕಿವಿ ಸಾಕು. ಅವನು ಹಿಂದೆ ನಿಲ್ಲಲಿ, ರೇಡಾರ್ ಅಂಕಿ ಅವನಿಗೆ ತೋರಿಸಬೇಡಿ. ಇಬ್ಬರೂ ಇಯರ್‌ಮಫ್ ಹಾಕಿರಲೇಬೇಕು, ಎಲೆಕ್ಟ್ರಾನಿಕ್ ಆದರೆ ವ್ಯತ್ಯಾಸ ಚೆನ್ನಾಗಿ ಕೇಳುತ್ತದೆ. ಮೊದಲ ಗುಂಡಿನ ಸದ್ದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ, ಸಪ್ರೆಸರ್ ಒಳಗಿನ ಆಮ್ಲಜನಕದಲ್ಲಿ ಬಿಸಿ ಗ್ಯಾಸ್ ಉರಿದುಬಿಡುತ್ತದೆ. ಅದನ್ನು ಬೇರೆ ಬರೆದಿಡಿ. ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆಯುವ ಬೋಲ್ಟ್ ಆ್ಯಕ್ಷನ್ ರೈಫಲ್ಲಿನಲ್ಲೇ ಹೋಲಿಸಿ, ತಾನೇ ಮುಂದಿನ ಗುಂಡು ತುಂಬಿಕೊಳ್ಳುವ ಸೆಮಿ ಆಟೋದಲ್ಲಿ ಯಂತ್ರದ ಟಕ ಟಕ ಸದ್ದೇ ಕಿವಿ ತುಂಬುತ್ತದೆ.

.300 ಬ್ಲ್ಯಾಕೌಟ್ (.22ಕ್ಕಿಂತ ದೊಡ್ಡ ಕಾಡತೂಸು) ಬಳಸುವ ರೈಫಲ್ ಇದ್ದರೆ ಇನ್ನೊಂದು ವಿಷಯ. ಸಬ್‌ಸೋನಿಕ್ ಕಾಡತೂಸಿನಲ್ಲಿ ಮದ್ದು ಕಡಿಮೆ ಇದ್ದರೆ ಒಳಗೆ ಖಾಲಿ ಜಾಗ ಉಳಿಯುತ್ತದೆ, ಮದ್ದು ಮುಂದೆ ಸರಿದಿದೆಯೋ ಹಿಂದೆ ಇದೆಯೋ ಅನ್ನುವುದರ ಮೇಲೆ ವೇಗ ಬದಲಾಗಬಹುದು. ಹಾಗಾಗಿ ಕಾಡತೂಸನ್ನು ರೈಫಲ್ಲಿಗೆ ಪ್ರತಿ ಸಲ ಒಂದೇ ರೀತಿ, ಒಂದೇ ನಿಧಾನದಲ್ಲಿ ತುಂಬಿ.

ಒಂದು ಗುಂಡು ಪುಸ್ ಅಂತ ತೀರಾ ಮೆತ್ತಗೆ ಹೋಯಿತು, ರೇಡಾರಿನಲ್ಲಿ ಅಂಕಿಯೂ ಬರಲಿಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಒಳಗೆ ಗುಂಡು ಸಿಕ್ಕಿಕೊಂಡಿರುವಾಗ ಇನ್ನೊಂದು ಹೊಡೆದರೆ ನಳಿಗೆ ಸೀಳಬಹುದು.

ಮನೆಗೆ ಬಂದು ಚಟೀರ್ ಅಂದ ಗುಂಡುಗಳಲ್ಲಿ ಅತಿ ಕಡಿಮೆ ವೇಗದ್ದನ್ನು ಹುಡುಕಿ. ಆ ದಿನದ ಹವೆಗೆ ನಿಮ್ಮ ರೈಫಲ್ಲಿನ ಗಡಿ ಅದೇ. 30ರಲ್ಲಿ ಒಂದು ಗುಂಡೂ ಆ ಗಡಿ ಮುಟ್ಟದ ಲಾಟ್ ಸಿಕ್ಕರೆ ನಂಬರ್ ಬರೆದುಕೊಂಡು ಅಂಗಡಿಯಲ್ಲಿ ಅದೇ ನಂಬರಿನದ್ದು ಇದೆಯಾ ಅಂತ ಅವತ್ತೇ ಕೇಳಿ.