ಸಿಂಹ ಮಗನನ್ನು ನುಂಗಿದಾಗ ಎಲ್ಲಿ ನಗಬೇಕು: ಉತ್ತರ ಇಂಗ್ಲೆಂಡಿಗೆ ಬಂದ ಹೊಸಬರಿಗೆ

ಮ್ಯಾಂಚೆಸ್ಟರ್, ಬೋಲ್ಟನ್, ಲೀಡ್ಸ್ ಕಡೆ ಕೆಲಸ ಸಿಕ್ಕಿ ಬಂದವರಿಗೆ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. ಡಿಸೆಂಬರಿನ ಆಫೀಸ್ ಊಟದಲ್ಲೋ, ಪಬ್ಬಿನ ಹಿಂದಿನ ಕೋಣೆಯ ಫೋಕ್ ಕ್ಲಬ್ಬಿನಲ್ಲೋ (ಜನಪದ ಹಾಡು-ಕಥೆಗಳ ಕೂಟ) ಹಿರಿಯರೊಬ್ಬರು ಎದ್ದು ನಿಂತು, ಮುಖದ ಒಂದು ಗೆರೆಯೂ ಅಲುಗದಂತೆ, ಪ್ರಾಸ ಕಟ್ಟಿದ ಕಥೆ ಹೇಳತೊಡಗುತ್ತಾರೆ. ಸುತ್ತಲಿನವರು ಬಿದ್ದು ಬಿದ್ದು ನಗುತ್ತಾರೆ. ನಮಗೆ ಅರ್ಧ ಮಾತು ತಿಳಿಯುವುದಿಲ್ಲ. ತಿಳಿದ ಅರ್ಧದಲ್ಲಿ ಸಿಂಹವೊಂದು ಮಗುವನ್ನು ತಿಂದಿರುತ್ತದೆ. ಇದಕ್ಕೆ ಇಲ್ಲಿನವರು ಬರೀ ‘ಮೊನೊಲಾಗ್’ ಅನ್ನುತ್ತಾರೆ.

ಎರಡು ಹೆಸರು ನೆನಪಿಟ್ಟುಕೊಂಡರೆ ಮುಕ್ಕಾಲು ಪಾಲು ದಾರಿ ಸಾಗಿದಂತೆ. ಮೊದಲನೆಯವರು ನಟ ಸ್ಟ್ಯಾನ್ಲಿ ಹಾಲೊವೇ (1890–1982). ವಾಟರ್ಲೂ ಯುದ್ಧದ ಹಿಂದಿನ ಸಂಜೆ ಕೆಳಗೆ ಬಿದ್ದ ತನ್ನ ಬಂದೂಕನ್ನು ಎತ್ತಿಕೊಳ್ಳಲು ಒಪ್ಪದೆ, ಖುದ್ದು ಸೇನಾಪತಿ ಡ್ಯೂಕ್ ಆಫ್ ವೆಲಿಂಗ್ಟನ್ನೇ ಬಂದು ಕೇಳಿಕೊಳ್ಳುವವರೆಗೆ ಹಟ ಹಿಡಿಯುವ ಸಿಪಾಯಿ ಸ್ಯಾಮ್ ಇವರ ಸೃಷ್ಟಿ. ಎರಡನೆಯವರು ಮ್ಯಾರಿಯಟ್ ಎಡ್ಗರ್ (1880–1951). ಸಿಂಹ ಮತ್ತು ಆಲ್ಬರ್ಟನ ಕಥೆ ಇವರು ಬರೆದದ್ದು; ಅದನ್ನು 1930ರ ದಶಕದಲ್ಲಿ ಮನೆಮಾತಾಗಿಸಿದವರು ಹಾಲೊವೇ. ತಮಾಷೆಯೆಂದರೆ ಎಡ್ಗರ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಹಾಲೊವೇ ಲಂಡನ್ ಕಡೆಯವರು. ಇಬ್ಬರೂ ಈ ಮೊನೊಲಾಗುಗಳ ನುಡಿಯ ನಾಡಾದ ಲ್ಯಾಂಕಷೈರಿನ ಮಣ್ಣಿನವರಲ್ಲ. ನೀವೂ ಹೇಳಬಹುದೇ ಎಂಬ ಸಂಕೋಚಕ್ಕೆ ಅಷ್ಟೇ ಉತ್ತರ ಸಾಕು.

ಕಥೆ ಇಷ್ಟು. ರಾಮ್ಸ್‌ಬಾಟಮ್ ದಂಪತಿ ಮಗ ಆಲ್ಬರ್ಟನನ್ನು ಕರೆದುಕೊಂಡು ಬ್ಲ್ಯಾಕ್‌ಪೂಲಿಗೆ ಹೋಗುತ್ತಾರೆ. (ರಾಮ್ಸ್‌ಬಾಟಮ್ ಎಂಬ ಹೆಸರಿಗೆ ನಗಬೇಡಿ. ಆ ಹೆಸರಿನ ಊರೇ ಬೆರಿ (Bury) ಪಟ್ಟಣದ ಹತ್ತಿರ ಇದೆ; ಊರಿನ ಹೆಸರುಗಳಲ್ಲಿ ‘ಬಾಟಮ್’ ಎಂದರೆ ಕಣಿವೆಯ ತಳ.) ಸಮುದ್ರದಲ್ಲಿ ಅಲೆ ಚಿಕ್ಕವು, ಹಡಗು ಒಡೆದಿಲ್ಲ, ಯಾರೂ ಮುಳುಗಿಲ್ಲ, ನೋಡುವಂಥದ್ದೇ ಇಲ್ಲ ಅಂತ ಪ್ರಾಣಿಸಂಗ್ರಹಾಲಯಕ್ಕೆ ಕಾಲು ಹಾಕುತ್ತಾರೆ. ಕುದುರೆತಲೆ ಹಿಡಿಯ ಕೋಲನ್ನು ಹುಡುಗ ಸಿಂಹದ ಕಿವಿಗೆ ತಿವಿಯುತ್ತಾನೆ; ಸಿಂಹ ಅವನನ್ನು ನುಂಗುತ್ತದೆ. ತಾಯಿಗೆ ಎಷ್ಟು ದುಃಖ? ಎದೆ ಬಡಿದುಕೊಳ್ಳುವಷ್ಟಲ್ಲ, ಕಿರಿಕಿರಿಯಾಗುವಷ್ಟು. ಟಿಕೆಟ್ ದುಡ್ಡು ಕೊಟ್ಟು ಒಳಗೆ ಬಂದಮೇಲೂ ಹೀಗೆ ಮಾಡೋದಾ ಎನ್ನುವುದು ಅವರ ದೂರು. ದೊಡ್ಡ ಅನಾಹುತಕ್ಕೆ ಚಿಕ್ಕ ಮಾತು, ಚಿಲ್ಲರೆ ಕಾಸಿಗೆ ದೊಡ್ಡ ಮಾತು: ನಗಬೇಕಾದದ್ದು ಅಲ್ಲಿ. ಕೊನೆಗೆ ಮ್ಯಾಜಿಸ್ಟ್ರೇಟರು ಯಾರದ್ದೂ ತಪ್ಪಿಲ್ಲ, ನಿಮಗೆ ಇನ್ನಷ್ಟು ಗಂಡುಮಕ್ಕಳಾಗಲಿ ಎಂದು ಹರಸಿದಾಗ ಮಾತ್ರ ಆಕೆ ಸಿಡಿಯುತ್ತಾಳೆ.

ಇನ್ನು ನುಡಿ. ಕನ್ನಡಿಗರಿಗೆ ಇದು ಅಂದುಕೊಂಡಷ್ಟು ಕಷ್ಟವಲ್ಲ. ರಾಜರತ್ನಂ ಅವರ ರತ್ನನ ಬಾಯಲ್ಲಿ ‘ಹೆಂಡ’ ‘ಯೆಂಡ’ ಆಗುವಂತೆ ಇಲ್ಲೂ ಹಕಾರ ಹಾರಿಹೋಗುತ್ತದೆ. ಎಡ್ಗರ್ ಬರೆದ ಹೇಸ್ಟಿಂಗ್ಸ್ ಯುದ್ಧದ ಮೊನೊಲಾಗಿನಲ್ಲಿ ರಾಜ ಹೆರಾಲ್ಡನ ಕುದುರೆ, ಗಿಡುಗ, ಕೈ (ಹಾರ್ಸ್, ಹಾಕ್, ಹ್ಯಾಂಡ್) ಮೂರೂ ಹಕಾರದ ಪದಗಳು, ಮೂರರಲ್ಲೂ ಅದು ಬಿದ್ದುಹೋಗುತ್ತದೆ. ಅಭ್ಯಾಸಕ್ಕೆ ಅದೇ ಒಳ್ಳೆಯದು. ಆದರೆ ಒಂದು ಎಚ್ಚರಿಕೆ: ‘ಹಾರ್ಸ್’ ಎಂದು ರೂಢಿಯಾದ ನಾಲಿಗೆ ಹಕಾರ ಬಿಟ್ಟರೆ ‘ಆರ್ಸ್’ ಆಗುತ್ತದೆ, ಅದು ಕುದುರೆಯಲ್ಲ, ಅಂಡು. ತುಟಿ ದುಂಡಗೆ ಮಾಡಿ ‘ಓರ್ಸ್’ ಎನ್ನಿ.

‘ಅಪ್’ ಇಲ್ಲಿ ‘ಉಪ್’, ‘ಕಪ್’ ‘ಕುಪ್’. ಅಚ್ಚಿನಲ್ಲಿ ಎರಡು ಓ ಹಾಕಿರುವುದನ್ನು ನೋಡಿ ‘ಊಪ್’ ಎಂದು ಎಳೆಯಬೇಡಿ, ಹ್ರಸ್ವವೇ ಸರಿ. ‘ದ’ (the) ಎಂಬ ಪುಟ್ಟ ಪದ ಬರೀ ‘ಟ್’ ಆಗಿ ಅಚ್ಚಾಗಿರುತ್ತದೆ. ಅದನ್ನು ‘ಟ’ ಎಂದು ಬಿಡಿಸಿ ಓದಿದರೆ ಕೆಟ್ಟಿತು. ಹಿಂದಿನ ಪದದ ಕೊನೆಯಲ್ಲಿ ಗಂಟಲು ಕ್ಷಣ ಬಿಗಿದರೆ ಮುಗಿಯಿತು. ‘ನೌಟ್’ ಎಂದರೆ ಏನೂ ಇಲ್ಲ, ‘ಔಟ್’ ಎಂದರೆ ಏನಾದರೂ, ‘ಸಮ್ಮಟ್’ ಎಂದರೆ ಏನೋ ಒಂದು. ಮಗನನ್ನು ‘ಅವರ್ ಆಲ್ಬರ್ಟ್’ ಎನ್ನುವುದು ನಮ್ಮ ‘ನಮ್ಮ ರಾಜು’ ಇದ್ದಹಾಗೆ. ಎಲ್ಲಕ್ಕಿಂತ ಸವಿಯಾದದ್ದು ‘ದಾ’ (tha): ಅದು ‘ನೀನು’. ಪುಸ್ತಕದ ಇಂಗ್ಲಿಷ್ ಕಳೆದುಕೊಂಡ ಏಕವಚನ ಇಲ್ಲಿ ಇನ್ನೂ ಉಸಿರಾಡುತ್ತಿದೆ. ಗುರುತಿಲ್ಲದವರ ಮೇಲೆ ಪ್ರಯೋಗಿಸಿದರೆ ಏಕವಚನದಲ್ಲಿ ಕರೆದಾಗ ನಮ್ಮಲ್ಲಿ ಏನಾಗುತ್ತದೋ ಅದೇ ಆದೀತು, ಆದ್ದರಿಂದ ವೇದಿಕೆಗೆ ಮಾತ್ರ ಇಟ್ಟುಕೊಳ್ಳಿ. ಸಹೋದ್ಯೋಗಿಯ ಉಚ್ಚಾರವನ್ನು ಕಾಫಿ ಹೊತ್ತಿನಲ್ಲಿ ಅಣಕಿಸುವುದಂತೂ ಬೇಡವೇ ಬೇಡ.

ಹಳೆಯ ನಾಣ್ಯ ಗೊತ್ತಿಲ್ಲದೆ ಕೆಲವು ಮೊನೊಲಾಗ್ ಬಿಡಿಸಲಾಗದು. 1971ರ ಫೆಬ್ರವರಿ 15ರವರೆಗೆ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ‘ತ್ರೀ ಹೇಪೆನ್ಸ್’ ಎಂದರೆ ಒಂದೂವರೆ ಪೆನ್ಸ್. ಒಂದು ಮೊನೊಲಾಗಿನಲ್ಲಿ ಬೈಬಲ್ಲಿನ ನೋಹನ ನಾವೆಗೆ ಮರ ಮಾರುವವನು ಅಷ್ಟು ಚಿಲ್ಲರೆಗೆ ಜಗ್ಗಾಡುವುದೇ ಅಲ್ಲಿಯ ಹಾಸ್ಯ.

ಹೇಳಲು ಹೊರಟರೆ, ನಮ್ಮವರು ಎಡವುವುದು ಉಚ್ಚಾರದಲ್ಲಲ್ಲ, ಲಯದಲ್ಲಿ. ನಾವು ಪ್ರತಿ ಅಕ್ಷರಕ್ಕೂ ಅದರ ಮಾತ್ರೆ ಕೊಟ್ಟು ಓದುತ್ತೇವೆ. ಇಲ್ಲಿ ಸಾಲಿಗೆ ಮೂರು ಪೆಟ್ಟು, ನಡುವಿನ ಅಕ್ಷರಗಳನ್ನೆಲ್ಲ ನುಂಗಬೇಕು. ಮೊದಲ ಎರಡು ದಿನ ಅರ್ಥ ಮರೆತು ಮೇಜಿನ ಮೇಲೆ ಬೆರಳಿನಿಂದ ಸಾಲಿಗೆ ಮೂರು ಸಲ ತಟ್ಟಿ ಓದಿ. ನಾಲ್ಕು ಸಾಲಿನ ಪದ್ಯದಲ್ಲಿ ಪ್ರಾಸ ಕೂಡುವುದು ಎರಡನೇ ಮತ್ತು ನಾಲ್ಕನೇ ಸಾಲಿನ ಕೊನೆಯಲ್ಲಿ. ನಾಲ್ಕನೆಯದಕ್ಕೆ ಮುಂಚೆ ಅರೆಗಳಿಗೆ ನಿಂತರೆ ಕೇಳುಗರು ಪ್ರಾಸವನ್ನು ಊಹಿಸತೊಡಗುತ್ತಾರೆ, ನಗು ಅಲ್ಲಿ ಹುಟ್ಟುತ್ತದೆ. ಗಮಕದಂತೆ ರಾಗ ಎಳೆಯಬೇಡಿ, ಕೈ ಬೀಸಬೇಡಿ, ನೀವು ನಗಬೇಡಿ. ಪಂಚಾಯ್ತಿಯಲ್ಲಿ ಸಾಕ್ಷಿ ಹೇಳುವವರ ಮುಖವಿರಲಿ. ಜನ ನಕ್ಕಾಗ ಮುಂದಿನ ಸಾಲು ತಡೆದು, ನಗು ಇಳಿಯತೊಡಗಿದಾಗ ಹಿಡಿಯಿರಿ. ಪೂರ್ತಿ ನಿಲ್ಲುವವರೆಗೆ ಕಾದರೆ ಲಯ ತಣ್ಣಗಾಗುತ್ತದೆ. ಬಾಯಿಪಾಠವಾಗಿರಲೇಬೇಕು. ಫೋನ್ ನೋಡಿ ಓದಿದರೆ ಕಣ್ಣು ಕೆಳಗಿಳಿಯುತ್ತದೆ, ಆ ಬಿಗಿಮುಖ ಯಾರಿಗೂ ಕಾಣುವುದಿಲ್ಲ.

ಫೋಕ್ ಕ್ಲಬ್ಬಿನಲ್ಲಿ ಬೇಗ ಹೋಗಿ, ಬಾಗಿಲಲ್ಲಿ ಕೂತವರಿಗೆ ‘ಫ್ಲೋರ್ ಸ್ಪಾಟ್’ (ಸಭಿಕರೇ ಎದ್ದು ಹೇಳುವ ಸಣ್ಣ ಸರದಿ) ಸಿಗುತ್ತದೆಯೇ ಎಂದು ಕೇಳಿ. ಮೊದಲ ಸಲ ನಾಲ್ಕೈದು ನಿಮಿಷದ ಒಂದೇ ಒಂದು ಸಾಕು. ನಿಮ್ಮದು ಮುಗಿದೊಡನೆ ಎದ್ದು ಹೋಗದೆ ಉಳಿದವರದ್ದನ್ನೂ ಕೇಳಿ. ಮುಂದಿನ ಸಲ ಕರೆಯುವುದು ಅದನ್ನು ನೋಡಿಯೇ.

ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕುವ ಯೋಚನೆಯಿದ್ದರೆ ಗಮನಿಸಿ: ಬರೆದವರು ತೀರಿಕೊಂಡ ವರ್ಷದ ನಂತರ 70 ವರ್ಷ ಇಲ್ಲಿ ಹಕ್ಕು ಇರುತ್ತದೆ. ಎಡ್ಗರ್ ಬರೆದವು 2022ರಿಂದ ಮುಕ್ತ. ಹಾಲೊವೇ ಬರೆದ ಸ್ಯಾಮ್‌ಗೆ 2052 ಮುಗಿಯುವವರೆಗೂ ಅನುಮತಿ ಬೇಕು. ಸಂಘದ ವೇದಿಕೆಯಲ್ಲಿ ಹೇಳುವುದಾದರೆ ಮೊದಲು ಕನ್ನಡದಲ್ಲಿ ನಾಲ್ಕು ವಾಕ್ಯದ ಪೀಠಿಕೆ ಕೊಡಿ, ಆದರೆ ಸಿಂಹ ನುಂಗುವುದನ್ನು ಮುಂಚೆಯೇ ಬಿಟ್ಟುಕೊಡಬೇಡಿ. ಆಲ್ಬರ್ಟ್ ಸತ್ತೇ ಹೋದನಾ ಎಂದು ಮುಂದಿನ ಸಾಲಿನ ಮಕ್ಕಳು ಖಂಡಿತ ಕೇಳುತ್ತವೆ. ಇಲ್ಲ, ಎಡ್ಗರ್ ಬರೆದ ಮುಂದಿನ ಕಂತಿನಲ್ಲಿ ಅವನು ಜೀವಂತ ಮನೆಗೆ ಬರುತ್ತಾನೆ, ಅದೂ ಅಪ್ಪ ವಿಮೆಯವನ ಜೊತೆ ಕೂತಿರುವ ಹೊತ್ತಿಗೆ.