ಕೊಬ್ಬಿನ ಲೆಕ್ಕ ಮತ್ತು ಒಂದು ಸಾರಜನಕ

ಔಷಧವಾಗಿಸಲೆಂದು ನಾವು ತಿದ್ದಲು ಕುಳಿತ ಅಣುವಿಗೆ ಶಕ್ತಿಯ ಕೊರತೆಯೇನೂ ಇರಲಿಲ್ಲ. ಗುರಿಯಾಗಿದ್ದ ಕೈನೇಸ್ ಕಿಣ್ವವನ್ನು ಅದು ಕೆಲವೇ ನ್ಯಾನೊಮೋಲಾರ್ ಸಾಂದ್ರತೆಯಲ್ಲಿ ತಡೆಯುತ್ತಿತ್ತು. ಆದರೆ ಔಷಧಗಳನ್ನು ಒಡೆಯುವ ಕಿಣ್ವಗಳಿರುವ ಮಾನವ ಯಕೃತ್ತಿನ ಮೈಕ್ರೋಸೋಮ್‌ಗಳೊಂದಿಗೆ ಇಟ್ಟರೆ ನಿಮಿಷಗಳಲ್ಲಿ ಮಾಯ. ಸಾಲದೆಂಬಂತೆ, ಅನೇಕ ಔಷಧಗಳನ್ನು ಒಡೆಯುವ ಸಿವೈಪಿ3ಎ4 ಎಂಬ ಕಿಣ್ವವನ್ನೂ ತಡೆಯುತ್ತಿತ್ತು. ತನ್ನನ್ನು ತಿನ್ನುವ ಕಿಣ್ವದ ಬಾಯಿಯನ್ನೇ ಕಟ್ಟುವುದು ವಿಚಿತ್ರವೆನಿಸಬಹುದು. ಎರಡಕ್ಕೂ ಬೇರು ಒಂದೇ. ಆ ಕಿಣ್ವದ ಒಳಗುಳಿ ದೊಡ್ಡದು, ಜಿಡ್ಡಿನದು. ಕೊಬ್ಬಿನಲ್ಲಿ ಸುಲಭವಾಗಿ ಕರಗುವ ಅಣು ಅಲ್ಲಿಗೆ ತಾನಾಗಿಯೇ ಹೋಗಿ ಕೂರುತ್ತದೆ.

ಈ ತಡೆಯನ್ನು ಹಗುರವಾಗಿ ಕಾಣುವಂತಿಲ್ಲ. ಟರ್ಫೆನಡಿನ್ ಎಂಬ ಅಲರ್ಜಿ ಔಷಧವನ್ನು, ಸಿವೈಪಿ3ಎ4 ಅನ್ನು ತಡೆಯುವ ಶಿಲೀಂಧ್ರನಾಶಕ ಕೀಟೊಕೊನಜೋಲ್ ಜೊತೆ ಸೇವಿಸಿದವರ ರಕ್ತದಲ್ಲಿ ಟರ್ಫೆನಡಿನ್ ಒಡೆಯದೆ ಉಳಿದು ಹೃದಯದ ಲಯ ತಪ್ಪುತ್ತಿತ್ತು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿತ್ತು. ಕೀಟೊಕೊನಜೋಲ್‌ನ ಇಮಿಡಜೋಲ್ ಉಂಗುರದ ಸಾರಜನಕ ಆ ಕಿಣ್ವದೊಳಗಿನ ಹೀಮ್‌ನ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ನಮ್ಮ ಅಣುವಿನ ಪಿರಿಡಿನ್ ಉಂಗುರದ ಸಾರಜನಕ ಮಾಡುತ್ತಿದ್ದದ್ದೂ ಅದನ್ನೇ.

ನಾನು ಮೊದಲು ಆ ಸಾರಜನಕವನ್ನು ಮುಟ್ಟಲಿಲ್ಲ, ಅಣುವಿನ ಕೊಬ್ಬನ್ನು, ಅಂದರೆ ಕೊಬ್ಬಿನಲ್ಲಿ ಕರಗುವ ಗುಣವನ್ನು, ಇಳಿಸಲು ಹೊರಟೆ. ಪ್ರತಿ ಹೊಸ ಅಣುವಿನ ಪಿಐಸಿ50ಯಿಂದ (ತಡೆಯುವ ಶಕ್ತಿಯ ಲಾಗ್ ಅಂಕಿ) ಲಾಗ್‌ಡಿ (ಕೊಬ್ಬಿನ ಲಾಗ್ ಅಂಕಿ) ಕಳೆದು ಉಳಿದ ಸಂಖ್ಯೆಯನ್ನಷ್ಟೇ ನೋಡುತ್ತಿದ್ದೆ. 5ಕ್ಕಿಂತ ಕೆಳಗಿದ್ದರೆ, ಶಕ್ತಿ ಎಷ್ಟೇ ಇದ್ದರೂ, ಮುಂದಿನ ಪರೀಕ್ಷೆಗೆ ಕಳುಹಿಸುತ್ತಿರಲಿಲ್ಲ. ಕೊಬ್ಬು ಹೆಚ್ಚಿಸಿ ಗಳಿಸಿದ ಶಕ್ತಿ ಸಾಲದ ಹಣವಿದ್ದಂತೆ. ಜಿಡ್ಡಿನ ಟರ್ಷಿಯರಿ ಬ್ಯೂಟೈಲ್ ಗುಂಪು ಹೋಗಿ ಆಮ್ಲಜನಕವಿರುವ ಪುಟ್ಟ ಉಂಗುರವಾದ ಆಕ್ಸಿಟೇನ್ ಬಂತು, ಕೆಲಸವಿಲ್ಲದೆ ಕುಳಿತಿದ್ದ ಕ್ಲೋರಿನ್ ಹೋಯಿತು. ಶಕ್ತಿ ತುಸು ಇಳಿಯಿತು, ಸ್ಥಿರತೆ ಅದಕ್ಕಿಂತ ಹೆಚ್ಚು ಏರಿತು.

ನಂತರ ಪಿರಿಡಿನ್. ಸ್ಫಟಿಕ ರಚನೆಯಲ್ಲಿ ಅದರ ಸಾರಜನಕ ಕೈನೇಸ್‌ನ ಯಾವ ಭಾಗವನ್ನೂ ಹಿಡಿಯದೆ ನೀರಿನ ಕಡೆಗೆ ಮುಖ ಮಾಡಿತ್ತು. ಅದು ಕೈನೇಸ್‌ನಲ್ಲಿ ಅಣು ಅಂಟಿಕೊಳ್ಳುವ ಹಿಂಜ್ ಎಂಬ ಭಾಗಕ್ಕೆ ಬಂಧ ಕಟ್ಟುವ ಸಾರಜನಕವಾಗಿದ್ದರೆ ಈ ದಾರಿ ಮುಚ್ಚಿರುತ್ತಿತ್ತು. ಪಕ್ಕದ ಇಂಗಾಲಕ್ಕೆ ಮಿಥೈಲ್ ಸೇರಿಸಿದಾಗ ಸಿವೈಪಿ ತಡೆ ಬಹಳ ಕಡಿಮೆಯಾಯಿತು, ಆದರೆ ಆ ಮಿಥೈಲನ್ನೇ ಯಕೃತ್ತಿನ ಕಿಣ್ವಗಳು ಉತ್ಕರ್ಷಿಸತೊಡಗಿದವು. ಮಾಸ್ ಸ್ಪೆಕ್ಟ್ರಮ್‌ನಲ್ಲಿ ಒಂದು ಆಮ್ಲಜನಕದಷ್ಟು, ಅಂದರೆ 16 ಘಟಕ ಹೆಚ್ಚಿನ ಶಿಖರ ಎದ್ದಿತು. ಡೈಫ್ಲೋರೊಮಿಥೈಲ್ ಹಾಕಿದ ಮೇಲೆ ಎರಡೂ ಕೂಡಿ ಬಂದವು: ಸಾರಜನಕಕ್ಕೆ ಅಡ್ಡವೂ ಆಯಿತು, ಅದರ ಕ್ಷಾರತೆಯೂ ಕುಗ್ಗಿತು. ಕೊಬ್ಬು ಸ್ವಲ್ಪ ಏರಿತಾದರೂ ಮೊದಲೇ ಉಳಿಸಿಟ್ಟಿದ್ದೆವು. ಫ್ಲೋರಿನ್ ಎಲ್ಲದಕ್ಕೂ ಮದ್ದು ಎಂಬ ನಂಬಿಕೆ ನನಗಿಲ್ಲ. ಒಂದು ಜಾಗ ಮುಚ್ಚಿದರೆ ಕಿಣ್ವ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ.

ಸಿವೈಪಿ ಕಿಣ್ವ ಕೆಲಸ ಮಾಡಲು ಬೇಕಾದ ಎನ್‌ಎಡಿಪಿಎಚ್ ಬೆರೆಸಿ 30 ನಿಮಿಷ ಮೊದಲೇ ಇಟ್ಟು ಐಸಿ50 (ಕಿಣ್ವವನ್ನು ಅರ್ಧದಷ್ಟು ತಡೆಯಲು ಬೇಕಾದ ಸಾಂದ್ರತೆ) ಅಳೆಯುವುದನ್ನು ನಾನು ಎಂದೂ ಬಿಡುವುದಿಲ್ಲ. ಅಂಕಿ ಗಣನೀಯವಾಗಿ ಇಳಿದರೆ ಅಣು ಕಾಲಕ್ರಮೇಣ ಕಿಣ್ವವನ್ನೇ ಕೆಡಿಸುತ್ತಿದೆ ಎಂದರ್ಥ, ಮಾತ್ರೆ ನಿಲ್ಲಿಸಿದ ಮೇಲೂ ಪರಿಣಾಮ ಉಳಿಯುತ್ತದೆ. ಮಿಥಿಲೀನ್‌ಡೈಆಕ್ಸಿ ಗುಂಪು ಇದರಲ್ಲಿ ಕುಖ್ಯಾತ. ಖಿನ್ನತೆಯ ಔಷಧ ಪ್ಯಾರೊಕ್ಸೆಟಿನ್, ಅದೇ ಕುಟುಂಬದ ಇನ್ನೊಂದು ಕಿಣ್ವವಾದ ಸಿವೈಪಿ2ಡಿ6 ಅನ್ನು ಕೆಡಿಸುವುದು ಈ ಗುಂಪಿನಿಂದಲೇ. ಅಂಥದ್ದನ್ನು ಕಾಗದದ ಮೇಲೆಯೇ ಹೊಡೆದುಹಾಕುತ್ತೇನೆ. (ಇದೇ ದೋಷ ಬೇರೆಡೆ ಗುಣವಾದದ್ದೂ ಉಂಟು: ಎಚ್‌ಐವಿಗೆಂದು ಹುಟ್ಟಿದ ರಿಟೊನಾವಿರ್ ಸಿವೈಪಿ3ಎ4 ಅನ್ನು ಬಲವಾಗಿ ತಡೆದು ಜೊತೆಗಿನ ಔಷಧ ಬೇಗ ಒಡೆಯದಂತೆ ಕಾಯುವುದರಿಂದಲೇ ಈಗ ಕೋವಿಡ್ ಔಷಧ ನಿರ್ಮಾಟ್ರೆಲ್ವಿರ್‌ನ ಜೊತೆಗಾರ.)

ಅರ್ಧಾಯುವಿನ (ದೇಹದಲ್ಲಿ ಔಷಧ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ) ವಿಷಯದಲ್ಲಿ ತಂಡದೊಳಗೆ ದೊಡ್ಡ ವಾದವೇ ನಡೆಯಿತು. ಕೊಬ್ಬು ಇಳಿದಾಗ ವಿಸರ್ಜನೆಯ ವೇಗದ ಜೊತೆಗೆ ಅಂಗಾಂಶಗಳಲ್ಲಿ ಹರಡುವ ಗಾತ್ರವೂ ಕುಗ್ಗುತ್ತದೆ. ಅರ್ಧಾಯು ನಿಂತಿರುವುದು ಈ ಎರಡರ ಅನುಪಾತದ ಮೇಲೆ, ಹಾಗಾಗಿ ನಮ್ಮ ಸ್ಥಿರ ಅಣುಗಳಲ್ಲಿ ಕೆಲವು ಹಳೆಯದಕ್ಕಿಂತ ಹೆಚ್ಚು ಹೊತ್ತು ಉಳಿಯಲೇ ಇಲ್ಲ. ಕ್ಷಾರೀಯ ಅಮೀನ್ ಒಂದನ್ನು ಉಳಿಸಿಕೊಂಡದ್ದು ಇದಕ್ಕಾಗಿ. ಅದು ಅಣುವನ್ನು ಅಂಗಾಂಶಗಳತ್ತ ಸೆಳೆಯುತ್ತದೆ. ಜೊತೆಗೆ ಮೂತ್ರಪಿಂಡದ ಮೂಲಕವೂ ಒಂದಷ್ಟು ಹೊರಹೋಗುವಂತಾದ್ದರಿಂದ, ಬೇರೆ ಔಷಧ ಸಿವೈಪಿ3ಎ4 ಅನ್ನು ತಡೆದರೂ ನಮ್ಮ ಅಣು ಪೂರ್ತಿ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಡೋಸ್ ಇಳಿಸಲು ಸಾಧ್ಯವಾದದ್ದು ಇದೆಲ್ಲದರಿಂದ ಬಂದ ಲಾಭ. ಕರುಳಿನಲ್ಲಿರುವ ಸಿವೈಪಿ3ಎ4ಗೆ ತಗಲುವ ಸಾಂದ್ರತೆಯನ್ನು ಅಂದಾಜಿಸುವಾಗ ಡೋಸನ್ನು 250 ಮಿಲಿಲೀಟರಿನಿಂದ ಭಾಗಿಸುತ್ತೇವೆ; ಡೋಸ್ ಅರ್ಧವಾದರೆ ಆ ಅಂಕಿಯೂ ಅರ್ಧ. ಸಿವೈಪಿ3ಎ4 ಒಡೆಯುವ ಮಿಡಜೊಲಾಮ್ ಎಂಬ ಔಷಧದ ಜೊತೆಗಿನ ಪರೀಕ್ಷೆಗೆ ಕಳುಹಿಸಲು ಅಣುವನ್ನು ಆರಿಸುವಾಗ, ಶಕ್ತಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದನ್ನು ಬಿಟ್ಟು ಅತಿ ಕಡಿಮೆ ಡೋಸ್ ಸಾಕಾಗುವುದನ್ನು ಆರಿಸಿದೆ.